ನನ್ನ ಸೊನ್ನೆ ಟಿಕೆಟ್‌ನ ದುಡ್ಡು ಯಾರದು?

ಬೆಳಿಗ್ಗೆ ಏಳೂಮುಕ್ಕಾಲಿನ ಬಸ್ಸು ನಮ್ಮೂರಿಗೆ ಬರುವಷ್ಟರಲ್ಲೇ ತುಂಬಿರುತ್ತದೆ. ಅವತ್ತು ಹೇಗೋ ಕಿಟಕಿ ಪಕ್ಕ ಸೀಟು ಸಿಕ್ಕಿತ್ತು. ಆಧಾರ್ ತೋರಿಸಿದೆ, ಕಂಡಕ್ಟರ್ ಟಿಕೆಟ್ ಕೊಟ್ಟರು. ದುಡ್ಡಿನ ಜಾಗದಲ್ಲಿ ಸೊನ್ನೆ.

'ದುಡ್ಡು ಕೊಟ್ಟೋರು ನಿಂತ್ಕೊಂಡು ಹೋಗ್ಬೇಕು, ಬಿಟ್ಟಿ ಬರೋರು ಕೂತ್ಕೊಂಡು ಹೋಗ್ಬೇಕು. ಎಲ್ಲಾ ನಮ್ ಟ್ಯಾಕ್ಸ್ ದುಡ್ಡು' ಎಂದರು, ನನ್ನ ಸೀಟಿನ ಕಂಬಿ ಹಿಡಿದು ನಿಂತಿದ್ದ ಒಬ್ಬರು. ನಲವತ್ತೈದರ ಆಸುಪಾಸಿನವರು, ಕೈಯಲ್ಲಿ ಊಟದ ಬ್ಯಾಗು. ನನಗೇ ಹೇಳಿದ್ದು ಎನ್ನುವುದರಲ್ಲಿ ಅನುಮಾನವಿರಲಿಲ್ಲ. ಪಕ್ಕದಲ್ಲಿದ್ದ ಅಜ್ಜಿ ಕೇಳಿಸದವಳಂತೆ ಎಲೆಅಡಿಕೆ ಹಾಕಿಕೊಂಡಳು. ನಾನು ಕಿಟಕಿ ಕಡೆ ತಿರುಗಿದೆ. ಇಳಿಯುವವರೆಗೂ ಮುಖ ಬಿಸಿಯಾಗಿಯೇ ಇತ್ತು.

ಬಿ.ಕಾಂ. ಮುಗಿಸಿ ಒಂದೂವರೆ ವರ್ಷವಾಯಿತು. ಎಫ್‌ಡಿಎ, ಪಿಡಿಒ ಎಂದು ಸಿಕ್ಕ ಪರೀಕ್ಷೆಗೆಲ್ಲ ಓದುತ್ತಿದ್ದೇನೆ. ಯುವನಿಧಿಯ ಮೂರು ಸಾವಿರ ಬರುತ್ತದೆ. ಶಕ್ತಿ ಯೋಜನೆಯ ಬಸ್ಸಿನಲ್ಲಿ ಜಿಲ್ಲಾ ಕೇಂದ್ರಕ್ಕೆ ಹೋಗಿ, ಅಲ್ಲಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಸಂಜೆಯವರೆಗೆ ಕೂತು ಬರುತ್ತೇನೆ. ಅಂದರೆ ನನ್ನ ಇಡೀ ದಿನ ಸರ್ಕಾರದ ದುಡ್ಡಿನಲ್ಲಿ ನಡೆಯುತ್ತದೆ. ಬಸ್ಸಿನಲ್ಲಿ ಆ ಮನುಷ್ಯ ಹೇಳಿದ ಮಾತು ಅದಕ್ಕೇ ಅಷ್ಟು ಚುಚ್ಚಿತು. 'ನನ್ನ ಟಿಕೆಟ್‌ಗೆ ದುಡ್ಡು ಕೊಡುತ್ತಿರುವವರು ಯಾರು?' ಎಂಬುದಕ್ಕೆ ಕಾಮರ್ಸ್ ಓದಿದ ನನ್ನ ಬಳಿಯೇ ಉತ್ತರವಿರಲಿಲ್ಲ.

ಅವತ್ತು ಕರೆಂಟ್ ಅಫೇರ್ಸ್ ಪಕ್ಕಕ್ಕಿಟ್ಟು ಲೆಕ್ಕ ಹಾಕಲು ಕುಳಿತೆ.

ಮೊದಲು ನನ್ನದೇ ಲೆಕ್ಕ. ಆದಾಯ ತೆರಿಗೆ ಸೊನ್ನೆ, ಸರಿ. ಆದರೆ ಮೊಬೈಲ್‌ಗೆ 299 ರೂಪಾಯಿ ರೀಚಾರ್ಜ್ ಮಾಡಿಸಿದರೆ ಅದರಲ್ಲಿ 45 ರೂಪಾಯಿ ಚಿಲ್ಲರೆ ಜಿಎಸ್‌ಟಿ. ಕೋಚಿಂಗ್ ಸೆಂಟರ್‌ಗೆ ಸೇರಿದರೆ ಫೀಸಿನ ಮೇಲೆ ಶೇ 18. ಸೋಪು, ಪೇಸ್ಟು, ಶಾಂಪೂಗೆ ಕೂಡ ಮೊನ್ನೆ ಮೊನ್ನೆಯವರೆಗೆ ಶೇ 18 ಇತ್ತು. 2025ರ ಸೆಪ್ಟೆಂಬರ್ 22ರಿಂದ ಶೇ 5 ಆಗಿದೆ. ನೋಟ್‌ಬುಕ್, ಪೆನ್ಸಿಲ್‌ಗೆ ಈಗ ಇಲ್ಲ. ಒಳ್ಳೆಯದೇ. ಆದರೂ ಮಾತು ಅದೇ: ಅಂಗಡಿಯವನು ಬಿಲ್ ಹಾಕುವಾಗ ನನ್ನ ಬಳಿ ಕೆಲಸವಿದೆಯೋ ಇಲ್ಲವೋ ಎಂದು ಕೇಳುವುದಿಲ್ಲ. 299ರ ಪ್ಯಾಕ್‌ಗೆ ಬೆಂಗಳೂರಿನ ಯಾವ ಕೋಟ್ಯಧಿಪತಿ ಕಟ್ಟಿದರೂ 45 ರೂಪಾಯಿ ಚಿಲ್ಲರೆಯೇ.

ಮುಂದಿನದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನಮ್ಮಪ್ಪ ಗಾರೆ ಕೆಲಸ ಮಾಡುತ್ತಾರೆ. ಕೂಲಿ ಸಿಕ್ಕಿದ ದಿನ ಸಂಜೆ ಒಂದು 'ನೈಂಟಿ' ಹಾಕಿಕೊಂಡು ಮನೆಗೆ ಬರುತ್ತಾರೆ. ಗಲಾಟೆ ಮಾಡುವವರಲ್ಲ, ಉಂಡು ಮಲಗುತ್ತಾರೆ. ಅಮ್ಮ ಮಾತ್ರ ಆ ದುಡ್ಡನ್ನು ಬಾಯಿಲೆಕ್ಕದಲ್ಲಿ ಇಟ್ಟಿರುತ್ತಾಳೆ, 'ಈ ವಾರ ಇಷ್ಟು ಹೋಯ್ತು' ಎಂದು. ಆ ದುಡ್ಡಿನಲ್ಲಿ ದೊಡ್ಡ ಪಾಲು ಎಲ್ಲಿಗೆ ಹೋಗುತ್ತದೆ ಎಂದು ನಾವ್ಯಾರೂ ಯೋಚಿಸಿರಲಿಲ್ಲ. 2025-26ರ ರಾಜ್ಯ ಬಜೆಟ್‌ನಲ್ಲಿ ಅಬಕಾರಿ ಇಲಾಖೆಗೆ ಕೊಟ್ಟ ಗುರಿ 40,000 ಕೋಟಿ ರೂಪಾಯಿ. ಅದೇ ಬಜೆಟ್‌ನಲ್ಲಿ ಶಕ್ತಿ ಯೋಜನೆಗೆ ಇಟ್ಟಿದ್ದು 5,300 ಕೋಟಿ. ಮದ್ಯದಿಂದ ಬರುವ ದುಡ್ಡಿನಲ್ಲಿ ಏಳು ಶಕ್ತಿ ಯೋಜನೆ ನಡೆಸಿ, ಇನ್ನೂ ಸ್ವಲ್ಪ ಉಳಿಯುತ್ತದೆ. ಐದೂ ಗ್ಯಾರಂಟಿಗಳ ಒಟ್ಟು ಖರ್ಚೇ 51 ಸಾವಿರ ಕೋಟಿ ಚಿಲ್ಲರೆ.

ಅಪ್ಪ ಕುಡಿಯುವುದು ಸರಿ ಎಂದು ಸಾಧಿಸಲು ಇದನ್ನು ಹೇಳುತ್ತಿಲ್ಲ. ಬಸ್ಸಿನಲ್ಲಿ 'ನಮ್ ಟ್ಯಾಕ್ಸ್ ದುಡ್ಡು' ಎಂದವರಿಗೆ, 'ನಮ್ಮಪ್ಪಂದೂ ಇದೆ ಸರ್' ಎಂದು ಹೇಳಬಹುದಿತ್ತಲ್ಲ ಎನಿಸಿತು, ಅಷ್ಟೆ.

ಇನ್ನೊಂದು ವಿಷಯ ಅಲ್ಲೇ ಸಿಕ್ಕಿತು. 2023ರ ಜುಲೈ ಬಜೆಟ್‌ನಲ್ಲಿ ಮದ್ಯದ ಹದಿನೆಂಟೂ ಸ್ಲ್ಯಾಬ್‌ಗಳ ಮೇಲೆ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ 20ರಷ್ಟು ಏರಿಸಿದರು. 2024ರ ಆಗಸ್ಟ್‌ನಲ್ಲಿ ಸ್ಲ್ಯಾಬ್‌ಗಳನ್ನು ಹದಿನಾರಕ್ಕೆ ಇಳಿಸಿದಾಗ ದುಬಾರಿ ಬ್ರ್ಯಾಂಡ್‌ಗಳ ಬೆಲೆ ಇಳಿಯಿತು. ಕಾರಣ ಏನೆಂದರೆ, ಪಕ್ಕದ ರಾಜ್ಯಗಳಲ್ಲಿ ಅವು ಅಗ್ಗ. ಜನ ಅಲ್ಲಿಂದ ತರುತ್ತಾರೆ, ನಮಗೆ ನಷ್ಟ. ಲೆಕ್ಕ ಸರಿಯೇ ಇರಬಹುದು. ಆದರೆ ನಮ್ಮಪ್ಪ ಒಂದು ನೈಂಟಿಗಾಗಿ ಗೋವಾಕ್ಕೆ ಹೋಗಲಾರರು. ಈ ಮಾತು ಮುಂದೆ ಮತ್ತೆ ಬರುತ್ತದೆ, ನೆನಪಿಡಿ.

ಇಷ್ಟರಲ್ಲಿ ಬೆಂಗಳೂರಿನಲ್ಲಿರುವ ಗೆಳತಿ ವಾಟ್ಸ್‌ಆ್ಯಪ್‌ನಲ್ಲಿ ತನ್ನ ಮೊದಲ ಪೇ ಸ್ಲಿಪ್ ಕಳಿಸಿದ್ದಳು. ಕೈಗೆ ಬರುವ ದುಡ್ಡಿಗಿಂತ ಕಡಿತದ ಪಟ್ಟಿಯೇ ಅವಳಿಗೆ ತಮಾಷೆ. 'ಪಿ.ಟಿ. ಅಂತ ಇನ್ನೂರು ಹಿಡ್ಕೊಂಡಿದಾರೆ ಕಣೇ. ಸ್ಕೂಲಲ್ಲಿ ಪಿ.ಟಿ. ಪೀರಿಯಡ್‌ಗೆ ಚಕ್ಕರ್ ಹಾಕಿದ್ದಕ್ಕೆ ಈಗ ದಂಡಾನಾ?' ಎಂದು ಬರೆದಿದ್ದಳು. ಪಿ.ಟಿ. ಅಂದರೆ ವೃತ್ತಿ ತೆರಿಗೆ. ಕರ್ನಾಟಕದಲ್ಲಿ ತಿಂಗಳಿಗೆ 25,000 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚು ಸಂಬಳ ಪಡೆಯುವವರಿಂದ ತಿಂಗಳಿಗೆ 200 ಹಿಡಿಯುತ್ತಾರೆ. 2025ರ ಏಪ್ರಿಲ್‌ನಿಂದ ಫೆಬ್ರುವರಿ ತಿಂಗಳಿಗೆ ಮಾತ್ರ 300 ಮಾಡಿದ್ದಾರೆ. ವರ್ಷಕ್ಕೆ ಒಟ್ಟು 2,500.

ಫೆಬ್ರುವರಿಗೆ ಮಾತ್ರ ಯಾಕೆ 300? ಸಂವಿಧಾನದ 276ನೇ ವಿಧಿ ನೋಡಿದರೆ ಗೊತ್ತಾಗುತ್ತದೆ. ಪರೀಕ್ಷೆಗೆ ವಿಧಿಗಳನ್ನು ಬಾಯಿಪಾಠ ಮಾಡುವ ನಾವು ಇದನ್ನು ಸಾಮಾನ್ಯವಾಗಿ ಹಾರಿಸಿಬಿಡುತ್ತೇವೆ. ವೃತ್ತಿ ತೆರಿಗೆಯನ್ನು ಒಬ್ಬ ವ್ಯಕ್ತಿಯಿಂದ ವರ್ಷಕ್ಕೆ 2,500 ರೂಪಾಯಿಗಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ ಎಂದು ಅದು ಹೇಳುತ್ತದೆ. 1950ರಲ್ಲಿ ಆ ಮಿತಿ 250 ರೂಪಾಯಿ ಇತ್ತು. 1988ರಲ್ಲಿ 60ನೇ ತಿದ್ದುಪಡಿ ಅದನ್ನು 2,500 ಮಾಡಿತು. ಅಲ್ಲಿಂದ ಇಲ್ಲಿಯವರೆಗೆ ಅದು ಅಲ್ಲೇ ನಿಂತಿದೆ. ಹನ್ನೆರಡು ತಿಂಗಳಿಗೆ ಇನ್ನೂರರಂತೆ 2,400 ಆಗುತ್ತಿತ್ತು. ಉಳಿದ ನೂರು ರೂಪಾಯಿಯನ್ನೂ ಬಿಡಬಾರದೆಂದು ಫೆಬ್ರುವರಿಗೆ ಸೇರಿಸಿದರು. ಮಿತಿಯನ್ನು ಏರಿಸಬೇಕೆಂದು 15ನೇ ಹಣಕಾಸು ಆಯೋಗ ಹೇಳಿದ್ದೂ ಕಡತದಲ್ಲೇ ಇದೆ.

ಹೀಗಾಗಿ ತಿಂಗಳಿಗೆ 25,000 ದುಡಿಯುವ ನನ್ನ ಗೆಳತಿಯೂ ಕಟ್ಟುವುದು 2,500. ತಿಂಗಳಿಗೆ ಒಂದು ಕೋಟಿ ಸಂಬಳವಿರುವವರು ಯಾರಾದರೂ ಅವಳದೇ ಕಂಪನಿಯಲ್ಲಿದ್ದರೆ ಅವರೂ ಕಟ್ಟುವುದು 2,500. ನೋಟ್‌ಬುಕ್ಕಿನಲ್ಲಿ ಭಾಗಿಸಿ ನೋಡಿದೆ. ಗಳಿಸಿದ ಪ್ರತಿ ಲಕ್ಷಕ್ಕೆ ಅವಳು ಕೊಡುವುದು 833 ರೂಪಾಯಿ. ಅವರು ಪ್ರತಿ ಲಕ್ಷಕ್ಕೆ ಕೊಡುವುದು ಎರಡು ರೂಪಾಯಿ. ತಪ್ಪಿರಬೇಕೆಂದು ಮತ್ತೊಮ್ಮೆ ಭಾಗಿಸಿದೆ. ಎರಡೇ.

'ಅವರು ಇನ್‌ಕಮ್ ಟ್ಯಾಕ್ಸ್ ಕಟ್ಟಲ್ವೇನಮ್ಮಾ?' ಎಂದು ಕೇಳುವವರಿದ್ದಾರೆ. ಕಟ್ಟುತ್ತಾರೆ, ಅದೂ ದೊಡ್ಡದಾಗಿಯೇ. ಹೊಸ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗೆ ದುಡಿಯುವವರಿಗೆ ಆದಾಯ ತೆರಿಗೆ ಇಲ್ಲ. ನನ್ನ ಗೆಳತಿ ಅಲ್ಲಿ ಒಂದು ಪೈಸೆಯೂ ಕಟ್ಟುವುದಿಲ್ಲ. ಎರಡು ಕೋಟಿಗಿಂತ ಹೆಚ್ಚು ಸಂಬಳ ಇರುವವರಿಗೆ ಮೇಲಿನ ಹಂತದಲ್ಲಿ ಸರ್ಚಾರ್ಜ್, ಸೆಸ್ ಎಲ್ಲ ಸೇರಿ ಶೇ 39 ಬೀಳುತ್ತದೆ. ಇಡೀ ದೇಶದಲ್ಲಿ ವರ್ಷಕ್ಕೆ ಒಂದು ಕೋಟಿಗಿಂತ ಹೆಚ್ಚು ಆದಾಯ ತೋರಿಸುವವರು ಎರಡು ಲಕ್ಷಕ್ಕೂ ಹೆಚ್ಚು ಇದ್ದಾರೆ, ಅವರ ಮೇಲೆ ಭಾರ ಇಲ್ಲವೆಂದರೆ ಸುಳ್ಳಾಗುತ್ತದೆ. ಸಂಬಳ ಪಡೆಯುವ ಶ್ರೀಮಂತನ ಮೇಲೆ ಇನ್ನೂ ಹೇರಿ ಎಂದು ನಾನು ವಾದಿಸುವುದಿಲ್ಲ.

ನಾನು ಕಣ್ಣರಳಿಸಿದ್ದು ಬೇರೆ ಕಡೆ. ಬಹಳ ದೊಡ್ಡ ಶ್ರೀಮಂತರು ಸಂಬಳದಿಂದ ಶ್ರೀಮಂತರಾದವರಲ್ಲ. ಅವರ ಸಂಪತ್ತು ಷೇರಿನಲ್ಲಿದೆ, ಜಮೀನಿನಲ್ಲಿದೆ. ಷೇರುಪೇಟೆಯಲ್ಲಿ ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟ ಷೇರು ಮಾರಿದರೆ ಲಾಭದ ಮೇಲೆ ತೆರಿಗೆ ಶೇ 12.5. ಇದರ ಮೇಲಿನ ಸರ್ಚಾರ್ಜ್ ಶೇ 15 ದಾಟುವಂತಿಲ್ಲ. ಸೆಸ್ ಸೇರಿಸಿದರೂ ಶೇ 14.95ಕ್ಕೆ ನಿಲ್ಲುತ್ತದೆ. ಬೆವರು ಸುರಿಸಿ ದುಡಿದವನಿಗೆ ಮೇಲಿನ ಹಂತದಲ್ಲಿ ಶೇ 39, ಷೇರು ಏರಿದ್ದರಿಂದ ಗಳಿಸಿದವನಿಗೆ ಶೇ 15ಕ್ಕೂ ಒಳಗೆ. ಮಾರದೇ ಸುಮ್ಮನೆ ಇಟ್ಟುಕೊಂಡರೆ? ನೂರು ಕೋಟಿ ಇನ್ನೂರು ಕೋಟಿಯಾದರೂ ಸೊನ್ನೆ. ಹಾಗೇ ಮಗನಿಗೆ ಬಿಟ್ಟು ಹೋದರೆ? ಅದಕ್ಕೂ ಸೊನ್ನೆ. ನನ್ನ ಟಿಕೆಟ್ಟಿನ ಹಾಗೆ.

ಇದು ಮೊದಲಿನಿಂದ ಹೀಗಿರಲಿಲ್ಲ. 1953ರಿಂದ ನಮ್ಮಲ್ಲಿ ಎಸ್ಟೇಟ್ ಸುಂಕ ಇತ್ತು. ಸತ್ತವರು ಬಿಟ್ಟುಹೋದ ಆಸ್ತಿಯ ಮೇಲಿನ ತೆರಿಗೆ ಅದು, ಮೇಲಿನ ಹಂತದಲ್ಲಿ ಶೇ 85ರವರೆಗೆ ಹೋಗುತ್ತಿತ್ತು. ಬ್ರಿಟನ್‌ನ ಅರ್ಥಶಾಸ್ತ್ರಜ್ಞ ನಿಕೋಲಸ್ ಕಾಲ್ಡರ್ ಕೊಟ್ಟ ಸಲಹೆಯಂತೆ 1957ರಲ್ಲಿ ಸಂಪತ್ತು ತೆರಿಗೆಯೂ ಬಂತು. ಆದಾಯ ತೆರಿಗೆಯಂತೂ 1973-74ರಲ್ಲಿ ಮೇಲಿನ ಹಂತದಲ್ಲಿ ಶೇ 97.75 ಮುಟ್ಟಿತ್ತು. ನೂರು ರೂಪಾಯಿ ಹೆಚ್ಚು ಗಳಿಸಿದರೆ ಕೈಯಲ್ಲಿ ಉಳಿಯುವುದು ಎರಡು ಕಾಲು ರೂಪಾಯಿ! ಅಂಥ ಕಡೆ ಯಾರು ತಾನೆ ಸತ್ಯ ಬರೆಯುತ್ತಾರೆ? ಕಪ್ಪುಹಣದ ಬಗ್ಗೆ ವರದಿ ಕೊಟ್ಟ ವಾಂಛೂ ಸಮಿತಿಯೇ ದರ ಇಳಿಸಿ ಎಂದಿತ್ತು. 'ಶ್ರೀಮಂತರಿಂದ ಕಿತ್ತುಕೊಳ್ಳಿ' ಎಂದು ಫೇಸ್‌ಬುಕ್‌ನಲ್ಲಿ ಆವೇಶದಿಂದ ಬರೆಯುವ ನನ್ನ ಕೆಲವು ಗೆಳೆಯರು ಈ ಅಧ್ಯಾಯವನ್ನು ಒಮ್ಮೆ ಓದಬೇಕು.

1985ರಲ್ಲಿ ಹಣಕಾಸು ಸಚಿವರಾಗಿದ್ದ ವಿ.ಪಿ. ಸಿಂಗ್ ಎಸ್ಟೇಟ್ ಸುಂಕ ತೆಗೆದರು. ವರ್ಷಕ್ಕೆ ಬರುವುದೇ ಸುಮಾರು 20 ಕೋಟಿ, ವಸೂಲಿಯ ಖರ್ಚು ಜಾಸ್ತಿ ಎಂಬುದು ಕಾರಣ. 2015ರಲ್ಲಿ ಅರುಣ್ ಜೇಟ್ಲಿ ಸಂಪತ್ತು ತೆರಿಗೆಯನ್ನೂ ಹೆಚ್ಚೂಕಡಿಮೆ ಅದೇ ಮಾತು ಹೇಳಿ ತೆಗೆದರು: 2013-14ರಲ್ಲಿ ಸಿಕ್ಕಿದ್ದು 1,008 ಕೋಟಿ ಮಾತ್ರ, ಬದಲಿಗೆ ಕೋಟಿ ದಾಟಿದ ಆದಾಯದವರಿಗೆ ಶೇ 2ರಷ್ಟು ಹೆಚ್ಚುವರಿ ಸರ್ಚಾರ್ಜ್ ಹಾಕಿದರೆ 9,000 ಕೋಟಿ ಬರುತ್ತದೆ.

ಕೂಡುವ ಕಳೆಯುವ ಲೆಕ್ಕದಲ್ಲಿ ಜೇಟ್ಲಿಯವರು ಹೇಳಿದ್ದು ತಪ್ಪಲ್ಲ. ಆದರೆ ಸಂಪತ್ತು ತೆರಿಗೆಯಿಂದ ಅಷ್ಟು ಕಡಿಮೆ ಬರುತ್ತಿದ್ದುದು ಯಾಕೆ? 1993ರಿಂದಲೇ ಷೇರುಗಳನ್ನು ಅದರಿಂದ ಹೊರಗಿಟ್ಟಿದ್ದರು. ಉಳಿದದ್ದು ಚಿನ್ನ, ಕಾರು, ಹೆಚ್ಚುವರಿ ಮನೆ, ಖಾಲಿ ನಿವೇಶನ ಇಂಥವು. ದೊಡ್ಡ ಮೀನುಗಳಿರುವ ಕೆರೆಯನ್ನು ಬಿಟ್ಟು ಪಕ್ಕದ ಹೊಂಡದಲ್ಲಿ ಬಲೆ ಬೀಸಿ, 'ಮೀನೇ ಇಲ್ಲ' ಎಂದು ಬಲೆ ಸುತ್ತಿಟ್ಟ ಹಾಗಾಯಿತು.

ನಮಗೆ, ಅಂದರೆ ರಾಜ್ಯದಲ್ಲಿರುವವರಿಗೆ, ಇದರಲ್ಲಿ ಇನ್ನೊಂದು ಏಟಿದೆ. ಕೇಂದ್ರ ವಸೂಲಿ ಮಾಡುವ ತೆರಿಗೆಗಳಲ್ಲಿ ರಾಜ್ಯಗಳಿಗೆ ಪಾಲುಂಟು. ಆದರೆ ಸರ್ಚಾರ್ಜ್ ಮತ್ತು ಸೆಸ್‌ನಲ್ಲಿ ಪಾಲಿಲ್ಲ. ಹಂಚಿಕೊಳ್ಳಬೇಕಾದ ತೆರಿಗೆ ಹೋಗಿ, ಹಂಚಿಕೊಳ್ಳಬೇಕಿಲ್ಲದ ಸರ್ಚಾರ್ಜ್ ಬಂತು. ಊರಿನ ಶಾಲೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಕೆಂಪು ಬಸ್ಸು, ಗ್ರಂಥಾಲಯ ಇವೆಲ್ಲ ಬಹುಮಟ್ಟಿಗೆ ರಾಜ್ಯದ ಹೊಣೆ. ದೊಡ್ಡ ಶ್ರೀಮಂತರ ಮೇಲೆ ಹೆಚ್ಚು ಹಾಕಿದ ಮೊತ್ತದಲ್ಲಿ ಇವುಗಳ ಹೆಸರಿಗೆ ರಾಜ್ಯಕ್ಕೆ ಬರುವ ಪಾಲಿಲ್ಲ. ಆಮೇಲೆ ರಾಜ್ಯಕ್ಕೆ ದುಡ್ಡು ಬೇಕಾದಾಗ ಕೈಗೆ ಎಟಕುವುದು ಮದ್ಯ, ಡೀಸೆಲ್, ನೋಂದಣಿ ಶುಲ್ಕ.

ವರ್ಲ್ಡ್ ಇನ್‌ಈಕ್ವಾಲಿಟಿ ಲ್ಯಾಬ್ 2024ರ ಮಾರ್ಚ್‌ನಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ತೋಮಸ್ ಪಿಕೆಟಿ ಅದರ ಲೇಖಕರಲ್ಲಿ ಒಬ್ಬರು. ಅದರ ಪ್ರಕಾರ 2022-23ರಲ್ಲಿ ಭಾರತದ ಸಂಪತ್ತಿನಲ್ಲಿ ಶೇ 40.1 ಭಾಗ ಮೇಲಿನ ಶೇ 1ರಷ್ಟು ಜನರ ಬಳಿ ಇತ್ತು. 167 ಅತಿ ಶ್ರೀಮಂತ ಕುಟುಂಬಗಳ ಸಂಪತ್ತಿನ ಮೇಲೆ ಶೇ 2ರಷ್ಟು ತೆರಿಗೆ ಹಾಕಿದರೆ ರಾಷ್ಟ್ರೀಯ ಆದಾಯದ ಶೇ 0.5ರಷ್ಟು ಸಿಗುತ್ತದೆಂದೂ ಅದು ಹೇಳುತ್ತದೆ. ಅವರ ವಿಧಾನದ ಬಗ್ಗೆ ತಕರಾರು ಎತ್ತಿದ ಅರ್ಥಶಾಸ್ತ್ರಜ್ಞರಿದ್ದಾರೆ. ಲೆಕ್ಕ ಸ್ವಲ್ಪ ಆಚೀಚೆಯಾದರೂ ಮೊತ್ತ ಒಂದು ಲಕ್ಷ ಕೋಟಿಯ ಆಸುಪಾಸಿನದು. ಕೇಂದ್ರ ಆರೋಗ್ಯ ಸಚಿವಾಲಯದ 2024-25ರ ಬಜೆಟ್ ಸುಮಾರು 90 ಸಾವಿರ ಕೋಟಿ ಇತ್ತು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ.

ಇಷ್ಟೆಲ್ಲ ಗುಡ್ಡೆ ಹಾಕಿಕೊಂಡು ಮಧ್ಯಾಹ್ನ ಗ್ರಂಥಾಲಯದ ಮೆಟ್ಟಿಲ ಮೇಲೆ ಡಬ್ಬಿ ಬಿಚ್ಚಿದಾಗ, ಕೆಎಎಸ್‌ಗೆ ಓದುತ್ತಿರುವ ಗೆಳೆಯನಿಗೆ ತೋರಿಸಿದೆ. ಅವನು ಚಿತ್ರಾನ್ನ ಕಲಸುತ್ತಲೇ ಒಂದು ಮಾತಿನಲ್ಲಿ ಮುಗಿಸಿದ: 'ಓಡ್ ಹೋಗ್ತಾರೆ ಕಣೇ.'

ಅವನ ಬಳಿ ಉದಾಹರಣೆ ಸಿದ್ಧವಿತ್ತು. ನಾರ್ವೆ 2022ರಲ್ಲಿ ಸಂಪತ್ತು ತೆರಿಗೆ ಏರಿಸಿದ್ದೇ ತಡ, ಅಲ್ಲಿನ ದೊಡ್ಡ ಉದ್ಯಮಿ ಷೆಲ್ ಇಂಗೆ ರೋಕೆ ಸ್ವಿಟ್ಜರ್ಲೆಂಡ್‌ನ ಲುಗಾನೊಗೆ ಮನೆ ಬದಲಿಸಿದರು. ಇನ್ನೂ ಕೆಲವರು ಹೊರಟರು. 'ಅಷ್ಟು ದೂರ ಯಾಕೆ, ಬೆಂಗಳೂರಲ್ಲೇ ನೋಡು' ಎಂದ. ಕರ್ನಾಟಕದಲ್ಲಿ ದುಬಾರಿ ಕಾರಿಗೆ ಜೀವಿತಾವಧಿ ತೆರಿಗೆ ಶೇ 18. ಅದನ್ನು ತಪ್ಪಿಸಲು ಬೇರೆ ರಾಜ್ಯದಲ್ಲಿ ನೋಂದಣಿ ಮಾಡಿಸಿ ಬೆಂಗಳೂರಲ್ಲಿ ಓಡಿಸುವವರ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಮಾತು ಸುಳ್ಳಲ್ಲ. ಆದರೆ ಅದೇ ಸುದ್ದಿಯ ಉಳಿದರ್ಧವನ್ನು ನಾನು ನೆನಪಿಸಿದೆ. 2025ರ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿಯನ್ನು ಸಾರಿಗೆ ಇಲಾಖೆ ಹಿಡಿದು, ತೆರಿಗೆ ದಂಡ ಸೇರಿ ಸುಮಾರು 1.42 ಕೋಟಿ ವಸೂಲಿ ಮಾಡಿತು. ಒಂದೇ ಕಾರಿನಿಂದ! ನಾರ್ವೆಯೂ ತೆರಿಗೆ ಕೈಬಿಡಲಿಲ್ಲ. ದೇಶ ಬಿಡುವವರ ಮೇಲಿನ ನಿರ್ಗಮನ ತೆರಿಗೆಯನ್ನೇ ಬಿಗಿ ಮಾಡಿತು.

ದಕ್ಷಿಣ ಕೊರಿಯಾದ ಕಥೆ ನನಗೆ ಇನ್ನೂ ಇಷ್ಟ. ಸ್ಯಾಮ್‌ಸಂಗ್‌ನ ಲೀ ಕುನ್-ಹೀ 2020ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಅವರ ಕುಟುಂಬ 12 ಲಕ್ಷ ಕೋಟಿ ವಾನ್‌ಗೂ ಹೆಚ್ಚು ಪಿತ್ರಾರ್ಜಿತ ತೆರಿಗೆಯನ್ನು ಐದು ವರ್ಷಗಳಲ್ಲಿ ಕಂತಿನ ಮೇಲೆ ಕಟ್ಟುವುದಾಗಿ 2021ರಲ್ಲಿ ಹೇಳಿತು. ಅಲ್ಲಿ ಮೇಲಿನ ದರ ಶೇ 50. ಸ್ಯಾಮ್‌ಸಂಗ್ ಮುಳುಗಲಿಲ್ಲ, ಓಡಿಹೋಗಲೂ ಇಲ್ಲ. ನಮ್ಮಲ್ಲಿ 2024ರ ಚುನಾವಣೆ ಹೊತ್ತಿನಲ್ಲಿ ಪಿತ್ರಾರ್ಜಿತ ತೆರಿಗೆಯ ಮಾತು ಎದ್ದಿದ್ದೇ, ಮಂಗಳಸೂತ್ರದವರೆಗೂ ಚರ್ಚೆ ಹೋಯಿತು. ಎಷ್ಟು ಕೋಟಿಗಿಂತ ಮೇಲೆ, ಎಷ್ಟು ದರ ಎಂದು ಕೇಳುವಷ್ಟರಲ್ಲಿ ಎಲ್ಲ ಪಕ್ಷಗಳೂ ಬಾಗಿಲು ಹಾಕಿಕೊಂಡವು.

ಗೆಳೆಯ ಡಬ್ಬಿ ತೊಳೆಯಲು ಎದ್ದು ಹೋದ. ನಾನು ಕೂತಲ್ಲೇ ಅವನ ಮಾತು ಯೋಚಿಸಿದೆ. ನಾರ್ವೆಯವರು ಓಡುತ್ತಾರೆ, ಕಾರು ಓಡುತ್ತದೆ, ದುಬಾರಿ ಬಾಟಲಿಯೂ ಗಡಿ ದಾಟುತ್ತದೆ. ಅದಕ್ಕೇ ಅವುಗಳಿಗೆ ದರ ಇಳಿಯುತ್ತದೆ. ಹಾಗಾದರೆ ತೆರಿಗೆ ಕೊನೆಗೆ ಯಾರ ಮೇಲೆ ನಿಲ್ಲುತ್ತದೆ? ಓಡಲಾರದವರ ಮೇಲೆ. ನಮ್ಮಪ್ಪನ ನೈಂಟಿ ಮೇಲೆ, ನನ್ನ ರೀಚಾರ್ಜ್ ಮೇಲೆ, ಗೆಳತಿಯ ಪೇ ಸ್ಲಿಪ್ ಮೇಲೆ. ನಾವು ತಪ್ಪಿಸಿಕೊಳ್ಳಲಾರೆವು, ಆದ್ದರಿಂದ ನಮ್ಮಿಂದ ವಸೂಲಿ ಸುಲಭ. 'ಶ್ರೀಮಂತರು ಹೆಚ್ಚು ಕಟ್ಟಬೇಕೆ?' ಎಂಬ ಪ್ರಶ್ನೆಗೆ ನನ್ನ ಉತ್ತರ 'ಹೌದು'. ಅವರ ಮೇಲಿನ ಸಿಟ್ಟಿನಿಂದಲ್ಲ. ಅವರು ಕಟ್ಟದೆ ಬಿಟ್ಟದ್ದನ್ನು ಬೇರೆ ಯಾರೋ ಕಟ್ಟುತ್ತಲೇ ಇದ್ದಾರೆ, ಅದಕ್ಕೆ.

ದಾನದ ಮಾತೂ ಬರುತ್ತದೆ. ನನ್ನ ತಮ್ಮ ಸರ್ಕಾರಿ ಪ್ರೌಢಶಾಲೆಯಲ್ಲಿ ಒಂಬತ್ತನೇ ಕ್ಲಾಸು. ಮೊದಲು ವಾರಕ್ಕೆ ಎರಡು ದಿನ ಮೊಟ್ಟೆ ಇತ್ತು, ಈಗ ಆರು ದಿನ. ಹೆಚ್ಚುವರಿ ನಾಲ್ಕು ದಿನದ ಮೊಟ್ಟೆ ಅಜೀಂ ಪ್ರೇಮ್‌ಜಿ ಫೌಂಡೇಷನ್ನಿನದು. ಮೂರು ವರ್ಷಕ್ಕೆ 1,500 ಕೋಟಿಗೂ ಹೆಚ್ಚು ಕೊಡುತ್ತೇವೆಂದು 2024ರಲ್ಲಿ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡರು. ತಮ್ಮ ಮೊಟ್ಟೆ ತಿಂದು ಬಂದ ದಿನ ಅಮ್ಮನಿಗೆ ಎಷ್ಟು ನೆಮ್ಮದಿ ಎಂದು ನನಗೆ ಗೊತ್ತು. ಅವರಿಗೆ ಕೈ ಮುಗಿಯುತ್ತೇನೆ, ಇದರಲ್ಲಿ ವ್ಯಂಗ್ಯವಿಲ್ಲ. ಆದರೆ ಎಲ್ಲರೂ ಪ್ರೇಮ್‌ಜಿ ಅಲ್ಲ. ಒಪ್ಪಂದದ ಅವಧಿ ಮುಗಿದ ಮೇಲೆ ಏನು ಎಂದು ತಮ್ಮನ ಹೆಡ್‌ಮಾಸ್ಟರು ಯಾರನ್ನೂ ಜಬರ್ದಸ್ತಿನಿಂದ ಕೇಳುವಂತಿಲ್ಲ. ಸರ್ಕಾರದ ಎರಡು ದಿನದ ಮೊಟ್ಟೆ ತಪ್ಪಿದರೆ ಮಾತ್ರ ಎಸ್‌ಡಿಎಂಸಿ ಸಭೆಯಲ್ಲಿ ಅಮ್ಮ ಎದ್ದು ನಿಂತು ಜಗಳ ಮಾಡಬಹುದು. ಮಾಡಿದ್ದಾಳೆ ಕೂಡ.

ಓಡಲಾರದ ಶ್ರೀಮಂತಿಕೆಯೂ ಒಂದಿದೆ: ನೆಲ. ಷೇರನ್ನು ಸಿಂಗಪುರಕ್ಕೆ ಒಯ್ಯಬಹುದು, ಬೆಂಗಳೂರಿನ ಬಂಗಲೆಯನ್ನು ಒಯ್ಯಲಾಗದು. ನಾನು ದಿನವಿಡೀ ಕೂರುವ ಗ್ರಂಥಾಲಯ ನಡೆಯುವುದೇ ಹೀಗೆ ಎಂದು ಗೊತ್ತಾದದ್ದು ಈ ಹುಡುಕಾಟದಲ್ಲೇ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಅಡಿ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಸೆಸ್ ವಸೂಲಿಯಾಗುತ್ತದೆ, ಈಗ ಅದು ಶೇ 6. ದೊಡ್ಡ ಮನೆಯವರು ಹೆಚ್ಚು, ಸಣ್ಣ ಮನೆಯವರು ಕಡಿಮೆ. ಊರಿನ ಕಾಂಪ್ಲೆಕ್ಸ್ ಮಾಲೀಕರು ಕಟ್ಟಿದ ತೆರಿಗೆಯ ಒಂದು ಚೂರು, ಗಾರೆ ಕೆಲಸದವರ ಮಗಳು ಓದುವ ಟೇಬಲ್ ಆಗಿದೆ. ಅರವತ್ತು ವರ್ಷದಿಂದ ಗದ್ದಲವಿಲ್ಲದೆ ನಡೆದುಬಂದ ಏರ್ಪಾಡು ಇದು.

ಗದ್ದಲವಿಲ್ಲದೆ ಎಂದೆನೇ? ಪೂರ್ತಿ ನಿಜವಲ್ಲ. ನಮ್ಮ ವಾಚನಾಲಯದಲ್ಲಿ ಆರು ಫ್ಯಾನಿವೆ, ತಿರುಗುವುದು ಎರಡು. ಅವುಗಳ ಕೆಳಗಿನ ಜಾಗಕ್ಕೆ ಬೆಳಿಗ್ಗೆ ಎಂಟೂವರೆಗೇ ಬ್ಯಾಗು ಇಡಬೇಕು. ನನ್ನ ಏಳೂಮುಕ್ಕಾಲಿನ ಬಸ್ಸಿನ ಗುಟ್ಟು ಅದೇ. ಹೆಣ್ಣುಮಕ್ಕಳ ಶೌಚಾಲಯದ ಬೀಗದ ಕೈ ಯಾವಾಗಲೂ 'ಈಗಷ್ಟೇ ಹೊರಗೆ ಹೋದವರ' ಹತ್ತಿರ ಇರುತ್ತದೆ. ಸ್ಥಳೀಯ ಸಂಸ್ಥೆಗಳು ಜನರಿಂದ ಪಡೆದ ಗ್ರಂಥಾಲಯ ಸೆಸ್ಸನ್ನು ಇಲಾಖೆಗೆ ದಾಟಿಸದೆ ಬಾಕಿ ಉಳಿಸಿಕೊಂಡ ಸುದ್ದಿ ವರ್ಷಕ್ಕೊಮ್ಮೆಯಾದರೂ ಪತ್ರಿಕೆಯಲ್ಲಿ ಬರುತ್ತದೆ. ಶ್ರೀಮಂತರಿಗೆ ಹೆಚ್ಚು ತೆರಿಗೆ ಹಾಕುವುದನ್ನು ವಿರೋಧಿಸುವವರು ಹೇಳುವ ಮಾತುಗಳಲ್ಲಿ ನನಗೆ ಉತ್ತರ ಹೊಳೆಯದೇ ಇರುವುದು ಇದೊಂದಕ್ಕೇ: 'ಕೊಟ್ಟರೆ ತಲುಪುತ್ತಾ?' ಇದನ್ನು ಓಡಿಹೋಗುವವರ ನೆಪ ಎಂದು ತಳ್ಳಿಹಾಕಲಾರೆ. ಕಟ್ಟಿದ ಸೆಸ್ ಫ್ಯಾನಿಗೆ ತಲುಪದಿದ್ದರೆ ಕಟ್ಟಿದವನಿಗೂ ಸಿಟ್ಟು, ಕೆಳಗೆ ಕೂತವಳಿಗೂ ಸೆಕೆ.

ಆದರೂ ಒಂದು ಅನುಮಾನ. ನಮ್ಮ ಊರಿನ ಕಾಂಪ್ಲೆಕ್ಸ್ ಮಾಲೀಕರ ಮಕ್ಕಳು ಈ ವಾಚನಾಲಯಕ್ಕೆ ಬರುವವರಾಗಿದ್ದರೆ ಆ ನಾಲ್ಕು ಫ್ಯಾನು ಎಷ್ಟು ದಿನ ನಿಂತಿರುತ್ತಿದ್ದವು?

ಎರಡು ವಾರದ ಮೇಲೆ ಅದೇ ಬಸ್ಸಿನಲ್ಲಿ ಅದೇ ಮನುಷ್ಯ ಸಿಕ್ಕರು. ಅವತ್ತು ಅವರಿಗೆ ನನ್ನ ಪಕ್ಕವೇ ಸೀಟು. ನನ್ನ ಗುರುತು ಅವರಿಗಿರಲಿಲ್ಲ. ನನ್ನ ಮಡಿಲಲ್ಲಿದ್ದ ಪುಸ್ತಕ ನೋಡಿ, 'ಯಾವ ಎಕ್ಸಾಮಿಗಮ್ಮಾ?' ಎಂದರು. ಅವರ ಮಗಳೂ ಪಿಡಿಒಗೆ ಓದುತ್ತಿದ್ದಾಳಂತೆ. ಅವರು ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್, ಹದಿನೇಳು ವರ್ಷದ ಸರ್ವೀಸು.

'ಅಂಕಲ್, ನಿಮ್ಗೆ ಪಿ.ಟಿ. ಹಿಡೀತಾರಾ?' ಎಂದು ಕೇಳಿದೆ.

'ಹಿಡೀದೆ ಬಿಡ್ತಾರಾ? ತಿಂಗಳಾ ಇನ್ನೂರು.'

276ನೇ ವಿಧಿಯ ಪುಟ ತೆಗೆದು ತೋರಿಸಿದೆ. ಕನ್ನಡಕ ಹಣೆಗೇರಿಸಿಕೊಂಡು ಪುಸ್ತಕವನ್ನು ಹತ್ತಿರಕ್ಕೆ ಹಿಡಿದು ಓದಿದರು. ಮತ್ತೊಮ್ಮೆ ಓದಿದರು.

'ಹಂಗಾದ್ರೆ ನಮ್ ಎಂ.ಡಿ.ನೂ ಇಷ್ಟೇ ಕಟ್ಟೋದಾ?'

'ಇಷ್ಟೇ.'

ಸ್ವಲ್ಪ ಹೊತ್ತು ಸುಮ್ಮನಿದ್ದರು. ಅಷ್ಟರಲ್ಲಿ ಕಂಡಕ್ಟರ್ ಬಂದರು. ಅವರು ಜೇಬಿನಿಂದ ಮೂವತ್ತು ರೂಪಾಯಿ ತೆಗೆದು ಟಿಕೆಟ್ ಮಾಡಿಸಿದರು, ನಾನು ಆಧಾರ್ ತೋರಿಸಿದೆ. ಫ್ಯಾಕ್ಟರಿ ಸ್ಟಾಪಿನಲ್ಲಿ ಎದ್ದವರು ಪುಸ್ತಕದ ಕಡೆ ಬೆರಳು ತೋರಿಸಿ, 'ಆ ಪೇಜು ಫೋಟೊ ಹೊಡ್ಕೊಳ್ಲಾ?' ಎಂದರು. ನನ್ನ ಸೊನ್ನೆ ಟಿಕೆಟನ್ನೇ ಗುರುತಿಗೆ ಇಟ್ಟಿದ್ದೆ. ಅದನ್ನು ಪಕ್ಕಕ್ಕೆ ಸರಿಸಿ ಪುಟ ಅಗಲಿಸಿ ಹಿಡಿದೆ.